ಅಂಗಳ ಬರಿದಾಗುವವರೆಗೆ

ನಮ್ಮ ಊರಲ್ಲಿ ಮನೆಗೊಂದು ಅಂಗಳ, ಅಂಗಳಕ್ಕೊಂದು ಮರ. ಜನರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಹೊಂಗೆ ಮನೆಯಾಕೆ, ಬೇವಿನ ಮನೆಯ ಅಜ್ಜ, ಬಾದಾಮಿ ಮನೆಯಾಕೆ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ನಾನು ನುಗ್ಗೆ ಮನೆಯವಳು. ನುಗ್ಗೆ ಮರದ ಕೆಳಗೆ ಗುಡಿಸಿದವಳಿಗೆ ಬೇರೆ ನರಕ ತೋರಿಸಬೇಕಾಗಿಲ್ಲ. ಅದರ ಎಲೆ ಪೊರಕೆಗೆ ಸಿಕ್ಕುವುದಿಲ್ಲ, ಮೊರಕ್ಕೆ ಏರುವುದಿಲ್ಲ, ಒದ್ದೆ ನೆಲಕ್ಕೆ ಅಂಟಿಕೊಂಡರೆ ಉಗುರಿನಿಂದ ಕೆರೆದು ತೆಗೆಯಬೇಕು. ಈ ಮರವನ್ನೇ ಅಂಗಳಕ್ಕೆ ಆರಿಸಿಕೊಂಡ ಮಾವನವರನ್ನು ಪ್ರತಿ ವರ್ಷ ಒಂದೂವರೆ ತಿಂಗಳು ಬೈದುಕೊಳ್ಳುತ್ತೇನೆ. ಉಳಿದ ತಿಂಗಳುಗಳಲ್ಲಿ ಅವರಿಗೆ ಕೈಮುಗಿಯುತ್ತೇನೆ.

ಊರಿಗೆ ಇರುವುದು ಒಂದೇ ನಿಯಮ. ಅಂಗಳದಲ್ಲಿ ಒಂದು ಎಲೆ ಬಿದ್ದಿದ್ದರೂ ಆ ಮನೆಯವರು ಅಳಬಾರದು. ಮನೆಯೊಳಗೂ ಅಳಬಾರದು, ಇನ್ನೊಬ್ಬರ ಮನೆಗೆ ಹೋಗಿಯೂ ಅಳಬಾರದು. ಮೊದಲು ಎಲೆ, ಆಮೇಲೆ ಕಣ್ಣೀರು.

ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಣ್ಣೀರು ಬಿದ್ದ ಎಲೆ ಕೊಳೆಯುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿದರೂ ಹಾಗೇ ಉಳಿಯುತ್ತದೆ ಅನ್ನುತ್ತಾರೆ ಕೆಲವರು. ಅಳು ಕೇಳಿದರೆ ಮರಕ್ಕೆ ಕನಿಕರ ಬಂದು ಇನ್ನಷ್ಟು ಎಲೆ ಉದುರಿಸುತ್ತದೆ ಅನ್ನುತ್ತಾರೆ ಇನ್ನು ಕೆಲವರು. ಇಷ್ಟು ಮಾತ್ರ ನಿಜ, ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ. ಎಳೆಗೂಸುಗಳಿಗೆ ಹಲ್ಲು ಬರುವ ತನಕ ರಿಯಾಯಿತಿ ಇದೆ. ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರಿಗೂ ರಿಯಾಯಿತಿ ಇದೆ, ಆದರೆ ಎಲೆ ಉದುರುವ ಕಾಲದಲ್ಲಿ ಒಬ್ಬಳು ಒಂದೇ ದಿನ ಮೂರು ಸಲ ಈರುಳ್ಳಿ ಹೆಚ್ಚಿದರೆ ಬೀದಿಯವರು ಗಮನಿಸುತ್ತಾರೆ.

ಬೇರೆ ಕಾಲದಲ್ಲಿ ಇದೇನೂ ದೊಡ್ಡ ಕಷ್ಟವಲ್ಲ. ಒಂದು ಮನೆಯಲ್ಲಿ ಸಾವಾದರೆ ಬೀದಿಯವರೆಲ್ಲ ಕಡ್ಡಿಪೊರಕೆ ಹಿಡಿದು ಬರುತ್ತೇವೆ. ಮಾತಿಲ್ಲದೆ ಗುಡಿಸುತ್ತೇವೆ. ಗುಡಿಸಿದ ಎಲೆಯನ್ನು ಮಂಕರಿಗೆ ತುಂಬಿ ಬೀದಿ ಕೊನೆಯ ಗುಂಡಿಗೆ ಸುರಿಯುತ್ತೇವೆ. ಆಮೇಲೆ ಅಂಗಳದವನು ಬರುತ್ತಾನೆ. ಅಂಗಳ ನೋಡುವುದೇ ಅವನ ಕೆಲಸ. ಬೀದಿಯಿಂದ ಬೀದಿಗೆ ನಡೆದು, ಗೇಟಿನ ಬಳಿ ಚಪ್ಪಲಿ ಬಿಟ್ಟು, ನಾಲ್ಕು ಮೂಲೆಯನ್ನೂ ನೋಡಿ, ಕಲ್ಲಿನ ಸಂದಿಯನ್ನೂ ಕೋಲಿನಿಂದ ಕೆದಕಿ ನೋಡಿ, ಅಂಗಳದ ನಡುವೆ ನಿಂತು ಹೇಳುತ್ತಾನೆ, "ಅಂಗಳ ಬರಿದಾಗಿದೆ. ಇನ್ನು ಅಳಿ." ಆಗ ಮನೆಯವರು ಅಳುತ್ತಾರೆ. ಅವರ ಜೊತೆ ನಾವೂ ಅಳುತ್ತೇವೆ, ನಮ್ಮ ನಮ್ಮ ಅಂಗಳ ಚೊಕ್ಕವಾಗಿದ್ದರೆ. ಹಾಗೆ ಅತ್ತು ಮನೆಗೆ ಹೋದ ದಿನ ಊಟ ರುಚಿಸುತ್ತದೆ, ನಿದ್ದೆಯೂ ಬರುತ್ತದೆ.

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಆ ಒಂದೂವರೆ ತಿಂಗಳು ಮಾತ್ರ ಬೇರೆ. ಆಗ ಎಲ್ಲ ಮರಗಳೂ ಒಟ್ಟಿಗೆ ಉದುರಲು ಹಿಡಿಯುತ್ತವೆ. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಮತ್ತೆ ಬಿದ್ದಿರುತ್ತದೆ. ಹೆಣ್ಣು ಒಪ್ಪಿಸಿ ಕಳಿಸುವಾಗ ಅಳಬೇಕಾಗುತ್ತದೆ ಅಂತ ಆ ಕಾಲದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಜಗಳವನ್ನು ಅರ್ಧಕ್ಕೇ ನಿಲ್ಲಿಸಿ ಮುಂದಿನ ತಿಂಗಳಿಗೆ ಇಡುತ್ತೇವೆ. ಕಾಯಿಲೆ ಬಿದ್ದ ಹಿರಿಯರು ಚಿಗುರು ಬರುವ ತನಕ ಹೇಗಾದರೂ ಜೀವ ಹಿಡಿದುಕೊಂಡಿರಲು ನೋಡುತ್ತಾರೆ. ಆ ಕಾಲದಲ್ಲಿ ಯಾರೂ ಕೂರುವುದಿಲ್ಲ. ಹಾಗಂತ ನಿಯಮವೇನೂ ಇಲ್ಲ, ಬಿಡುವಿಲ್ಲ ಅಷ್ಟೆ. ನಿಂತೇ ಉಣ್ಣುತ್ತೇವೆ, ನಿಂತೇ ಮಾತಾಡುತ್ತೇವೆ, ಪೊರಕೆಯ ಮೇಲೆ ಕೈಯೂರಿ ತೂಕಡಿಸುತ್ತೇವೆ.

ಆ ವರ್ಷ, ಉದುರಲು ಶುರುವಾದ ಐದನೆಯ ದಿನ, ಹೊಂಗೆ ಮನೆಯಾತ ತೀರಿಕೊಂಡ.

ಬೆಳಗಿನ ಹೊತ್ತು, ಅಂಗಳದ ತೆಂಕಣ ಮೂಲೆಯಲ್ಲಿ, ಕೈಯಲ್ಲಿ ಪೊರಕೆ ಹಿಡಿದೇ ಹೋದ. ಪುಣ್ಯವಂತ, ಕೆಲಸ ಮಾಡುತ್ತಲೇ ಹೋದ ಅಂದರು ಬೀದಿಯವರು. ಆತನ ಹೆಂಡತಿ ಮುಖ ತಿರುಗಿಸಿಕೊಂಡಳು. ಗಂಡಸರು ಆತನನ್ನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಹೊತ್ತವರ ಕಣ್ಣು ಒಣಗಿತ್ತು, ಯಾಕೆಂದರೆ ಎಲ್ಲರ ಅಂಗಳದಲ್ಲೂ ಎಲೆ. ಬಂದವರೇ ಕೈಕಾಲು ತೊಳೆದುಕೊಂಡು ತಮ್ಮ ತಮ್ಮ ಪೊರಕೆ ಹಿಡಿದರು. ಆಕೆಯ ಅಂಗಳಕ್ಕೆ ಯಾರು ಬರಬೇಕು? ಅವರವರ ಅಂಗಳವೇ ಅವರವರಿಗೆ ಸಾಕುಸಾಕಾಗಿತ್ತು. ನಾನೂ ಹೋಗಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಹೊಂಗೆ ಮನೆಯಾಕೆ ಒಬ್ಬಳೇ ಗುಡಿಸಿದಳು. ಗುಡಿಸಿದಳು, ಬಿತ್ತು. ಗುಡಿಸಿದಳು, ಬಿತ್ತು. ಇಳಿಹೊತ್ತಿಗೆ ಅಂಗಳದವನು ಬಂದು ಗೇಟಿನ ಬಳಿ ಚಪ್ಪಲಿ ಬಿಟ್ಟ. ಮೂರು ಮೂಲೆ ನೋಡಿ ನಾಲ್ಕನೆಯದಕ್ಕೆ ತಿರುಗುವಷ್ಟರಲ್ಲಿ ಅವನ ಬೆನ್ನ ಹಿಂದೆ ಒಂದು ಎಲೆ ಬಿತ್ತು.

"ಒಂದು ಇದೆಯಲ್ಲ ತಾಯಿ," ಅಂದ.

ಆಕೆ ಅದನ್ನು ಹೆಕ್ಕಿದಳು. ಇನ್ನೊಂದು ಬಿತ್ತು.

"ನಾಳೆ ಬರ್ತೀನಿ," ಅಂದ.

ಮರುದಿನ ಬಂದ. ಅದರ ಮರುದಿನವೂ ಬಂದ. ದಿನಾ ಅದೇ ಹೊತ್ತಿಗೆ ಬಂದು, ಅದೇ ಮಾತು ಹೇಳಿ, ಅದೇ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನೂ ಬಳಲಿದ್ದ. ಆ ಕಾಲದಲ್ಲಿ ಅವನು ಎಷ್ಟು ಮನೆಗಳಲ್ಲಿ ನಾಳೆ ಬರುತ್ತೇನೆ ಅಂದಿರಬೇಕೋ.

ಆಕೆಯ ಮನೆಯ ಎದುರು ಬಾದಾಮಿ ಮನೆ. ಆ ಮನೆಯಾಕೆಯ ವಿಷಯ ಇಲ್ಲಿ ಹೇಳಲೇಬೇಕು. ಮೂರು ವರ್ಷದ ಹಿಂದೆ ಇಂಥದ್ದೇ ಕಾಲದಲ್ಲಿ ಆಕೆಯ ಮಗಳು ಹೋಗಿದ್ದಳು. ಬಾದಾಮಿ ಎಲೆ ಅಗಲ, ಕೆಂಪಗೆ ಚರ್ಮದ ಹಾಗೆ ದಪ್ಪ, ಬಿದ್ದರೆ ಮನೆಯೊಳಗೂ ಸದ್ದು ಕೇಳುತ್ತದೆ. ನಲವತ್ತು ದಿನ ಆಕೆ ಗುಡಿಸಿದ್ದಳು. ನಲವತ್ತೊಂದನೆಯ ದಿನ ಅಂಗಳದವನು ನಡುವೆ ನಿಂತು, ಅಂಗಳ ಬರಿದಾಗಿದೆ, ಇನ್ನು ಅಳಿ ಅಂದ. ಆಕೆ ಕುಳಿತಳು. ನಾವೆಲ್ಲ ಸುತ್ತ ಕುಳಿತೆವು. ಆಕೆ ಬಾಯಿ ತೆರೆದಳು, ಏನೂ ಬರಲಿಲ್ಲ. ಕತ್ತಲಾಗುವವರೆಗೂ ಕಾದೆವು. ಕೊನೆಗೆ ಆಕೆಯೇ ಎದ್ದು, "ಸಾರಿಗೆ ಬೇಳೆ ಇಡಬೇಕು," ಅಂತ ಒಳಗೆ ಹೋದಳು. ಅಂದಿನಿಂದ ಆಕೆ ಹಾಗೇ ಇದ್ದಾಳೆ. ಮಾಡುತ್ತಾಳೆ, ಉಣ್ಣುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಮಗಳ ಮಾತು ಎತ್ತಿದರೆ, ಅದು ಪಕ್ಕದ ಊರಿನ ಯಾರದೋ ಸುದ್ದಿಯೇನೋ ಅನ್ನುವಂತೆ ಕೇಳಿಸಿಕೊಳ್ಳುತ್ತಾಳೆ. ಅಂಗಳ ಮಾತ್ರ ಹಗಲೆಲ್ಲ ಗುಡಿಸುತ್ತಲೇ ಇರುತ್ತಾಳೆ. ಬೀದಿಯಲ್ಲಿ ಅಷ್ಟು ಚೊಕ್ಕ ಅಂಗಳ ಇನ್ನೊಂದಿಲ್ಲ.

ಆಕೆ ಒಂದು ದಿನ ಬೀದಿ ದಾಟಿ ಹೊಂಗೆ ಮನೆಗೆ ಬಂದಳು. ನಾನು ಪಕ್ಕದಲ್ಲೇ ನಮ್ಮ ಅಂಗಳದಲ್ಲಿ, ಬೇಲಿಯ ಈಚೆ ಗುಡಿಸುತ್ತಿದ್ದೆ, ಎಲ್ಲ ಕೇಳಿಸಿತು.

"ಗಂಟಲು ಹೆಂಗಿದೆ ನಿಂದು?" ಅಂತ ಕೇಳಿದಳು.

"ಭಾರ ಇದೆ ಅಕ್ಕ. ಮುದ್ದೆ ಸಿಕ್ಕಿಹಾಕಿಕೊಂಡಂಗೆ. ನೀರೂ ಇಳಿಯಲ್ಲ," ಅಂದಳು ಹೊಂಗೆ ಮನೆಯಾಕೆ.

"ಅದು ಇರಲಿ. ಅದು ಇರೋ ತನಕ ಅಳು ಇರುತ್ತೆ. ಒಂದು ದಿನ ಬೆಳಿಗ್ಗೆ ಎದ್ದಾಗ ಹಗುರ ಅನ್ನಿಸುತ್ತೆ. ನಂಗೂ ಅನ್ನಿಸ್ತು, ಒಳ್ಳೇದಾಯ್ತು ಅಂದುಕೊಂಡೆ. ಹಗುರ ಆಯ್ತು ಅಂದ್ರೆ ಮುಗೀತು ತಂಗಿ. ಆಮೇಲೆ ಅಂಗಳ ಬರಿದಾದ್ರೂ ಒಂದೇ, ತುಂಬಿದ್ರೂ ಒಂದೇ."

ಹೊಂಗೆ ಮನೆಯಾಕೆ ಅವತ್ತಿನಿಂದ ಘಳಿಗೆಗೊಮ್ಮೆ ಗಂಟಲು ಮುಟ್ಟಿ ನೋಡಿಕೊಳ್ಳತೊಡಗಿದಳು. ಗುಡಿಸುವುದು, ಗಂಟಲು ಮುಟ್ಟುವುದು, ಮೇಲೆ ಮರ ನೋಡುವುದು. ಬಗ್ಗಿ ಬಗ್ಗಿ ಆಕೆಯ ಸೊಂಟ ಹಿಡಿದುಕೊಂಡಿತ್ತು. ಎಲೆಯ ಜೊತೆ ಪಂದ್ಯ ಕಟ್ಟಿಕೊಂಡ ಹೆಂಗಸನ್ನು ಬೇಲಿಯಾಚೆಯಿಂದ ನೋಡುವುದು ಬಲು ಕಷ್ಟದ ಕೆಲಸ. ನೋಡಬಾರದು ಅಂದುಕೊಂಡೇ ನೋಡುತ್ತಿದ್ದೆ.

ಗಂಡ ಹೋದ ಒಂಬತ್ತನೆಯ ದಿನ ಆಕೆ ಉದ್ದನೆಯ ಬಿದಿರ ಗಳು ತಂದು ಮರವನ್ನು ಬಡಿದಳು. ಇರುವುದೆಲ್ಲ ಒಂದೇ ಸಲ ಉದುರಿ ಹೋಗಲಿ ಅಂತ. ಹೊಂಗೆ ಬಡಿಸಿಕೊಂಡಿತು. ಹಳದಿ ಎಲೆಯ ಜೊತೆ ಆಗತಾನೇ ಕಣ್ಣು ಬಿಟ್ಟಿದ್ದ ಚಿಗುರೂ ಉದುರಿತು. ಆಕೆ ಚಿಗುರನ್ನು ಬೇರೆ ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು, ಯಾಕೋ ಅದನ್ನು ಗುಂಡಿಗೆ ಹಾಕಲು ಆಕೆಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳ ಬರಿದು, ಮರವೂ ಹೆಚ್ಚು ಕಡಿಮೆ ಬರಿದು. ಅಂಗಳದವನು ಬಂದ. ನಾಲ್ಕನೆಯ ಮೂಲೆಯನ್ನೂ ನೋಡಿದ. ನಡುವೆ ಬಂದು ನಿಂತು ಬಾಯಿ ತೆರೆದ. ಅಷ್ಟರಲ್ಲಿ ಗಾಳಿ ಬೀಸಿ ಬೇವಿನ ಮನೆಯ ಹಣ್ಣೆಲೆಯೆಲ್ಲ ಬೇಲಿ ಹಾರಿ ಬಂದು ಅಂಗಳದ ತುಂಬ ಹರಡಿತು.

"ಇದು ನಮ್ಮ ಮರದ್ದಲ್ಲ!" ಅಂದಳು ಆಕೆ.

"ಯಾರ ಮರದ್ದು ಅಂತ ನಿಯಮದಲ್ಲಿ ಇಲ್ಲ ತಾಯಿ."

ಆಕೆ ಅವನ ಮುಂದೆ ಕೈ ಜೋಡಿಸಿದಳು. "ಒಂದು ಸಲ ಹೇಳಿಬಿಡಪ್ಪ. ಬರಿದಾಗಿದೆ ಅಂತ ಬಾಯಿಮಾತಿಗೆ ಹೇಳು. ಯಾರಿಗೆ ಗೊತ್ತಾಗುತ್ತೆ?"

ಅಂಗಳದವನು ಕೋಲೂರಿ ನಿಂತ. "ಹೇಳಬಹುದು," ಅಂದ. "ಹೇಳಿ ನೋಡಿದ್ದೂ ಉಂಟು. ಆಚೆ ಬೀದಿಯ ಹುಣಸೆ ಮನೆಯವರಿಗೆ ಹೋದ ವರ್ಷ ಹಾಗೇ ಹೇಳಿದೆ. ಅವರು ಕೂತರು. ಕೂತವರ ಕಣ್ಣೆಲ್ಲ ಎಲೆ ಮೇಲೇ. ಅಳು ಬರಲಿಲ್ಲ. ನಾನು ಹೇಳಿದ್ದು ಸುಳ್ಳು ಅಂತ ಅವರ ಕಣ್ಣಿಗೆ ಗೊತ್ತಿತ್ತು. ನಿಯಮ ನನ್ನ ಕೋಲಿನಲ್ಲಿದ್ದಿದ್ದರೆ ಎಂದೋ ಮುರಿದು ಒಲೆಗೆ ಹಾಕ್ತಿದ್ದೆ ತಾಯಿ. ನಾಳೆ ಬರ್ತೀನಿ."

ಮರವನ್ನೇ ಕಡಿದು ಹಾಕು ಅಂತ ನಾನು ಬೇಲಿಯ ಈಚೆಯಿಂದ ಕೂಗಿದೆ. ಸಿಟ್ಟಿನಲ್ಲಿ ಅಂದದ್ದು. ಆಕೆ ನನ್ನ ಕಡೆ ತಿರುಗಿ, "ಆಮೇಲೆ ನನ್ನನ್ನ ಏನಂತ ಕರೀತೀಯ?" ಅಂದಳು. ಮರವಿಲ್ಲದ ಮನೆಗೆ ನಮ್ಮ ಊರಲ್ಲಿ ಹೆಸರಿಲ್ಲ.

ಹತ್ತು, ಹನ್ನೊಂದು, ಹನ್ನೆರಡು. ಬಡಿದ ಹೊಂಗೆ ಸಿಟ್ಟು ಮಾಡಿಕೊಂಡಿತೋ ಏನೋ, ಮೇಲಿನ ರೆಂಬೆಗಳಲ್ಲಿ ಅಡಗಿಸಿಟ್ಟಿದ್ದನ್ನೆಲ್ಲ ದಿನಕ್ಕಿಷ್ಟು ಅಂತ ಇಳಿಸತೊಡಗಿತು. ಹದಿನೈದು, ಹದಿನಾರು. ಗುಡಿಸಿದಳು, ಬಿತ್ತು. ಹದಿನೇಳನೆಯ ದಿನ ಆಕೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದನ್ನು ನೋಡಿ ನಕ್ಕಳಂತೆ. ಯಾಕೆ ನಕ್ಕೆ ಅಂತ ಆಕೆಗೇ ತಿಳಿಯಲಿಲ್ಲ. ಹದಿನೆಂಟನೆಯ ದಿನ ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದಳು, "ನಮ್ಮನೆಯವರು ಕೆಮ್ಮೋವಾಗ ಹೆಂಗೆ ಕೆಮ್ಮುತಿದ್ರು, ನೆನಪಿದೆಯಾ ನಿಂಗೆ?" ಇದೆ ಅಂದೆ. ಕೆಮ್ಮಿ ತೋರಿಸಿದೆ. ಆಕೆ ತಲೆ ಅಲ್ಲಾಡಿಸಿದಳು, ಆದರೆ ಆಕೆಗೆ ಗುರುತು ಹತ್ತಲಿಲ್ಲ ಅಂತ ನನಗೆ ಗೊತ್ತಾಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹೊಂಗೆ ಮನೆಯಿಂದ ಗುಡಿಸುವ ಸದ್ದು ಬರಲಿಲ್ಲ. ನಾನು ಪೊರಕೆ ಹಿಡಿದೇ ಓಡಿದೆ. ಎದುರು ಮನೆಯಿಂದ ಬಾದಾಮಿ ಮನೆಯಾಕೆಯೂ ಬಂದಳು. ಹೊಂಗೆ ಮನೆಯಾಕೆ ಮರಕ್ಕೆ ಒರಗಿ ನಿಂತಿದ್ದಳು. ಮುಖದಲ್ಲಿ ಹೆದರಿಕೆ ಇತ್ತು.

"ಅಕ್ಕಾ," ಅಂದಳು. "ಹಗುರಾಗ್ತಿದೆ."

ಬಾದಾಮಿ ಮನೆಯಾಕೆ ಹತ್ತಿರ ಹೋಗಿ ತನ್ನ ಕೈಯಿಂದಲೇ ಆಕೆಯ ಗಂಟಲು ಮುಟ್ಟಿದಳು. "ಪೂರ್ತಿ ಹೋಗಿಲ್ಲ," ಅಂದಳು. "ಸಂಜೆ ತನಕ ಇರಬಹುದು. ನಾಳೆಗೆ ಇರಲ್ಲ."

ಹೊಂಗೆ ತನ್ನ ಪಾಡಿಗೆ ಉದುರಿಸುತ್ತಿತ್ತು. ಒಂದು ಎಲೆ ಬಂದು ನನ್ನ ತಲೆಯ ಮೇಲೆ ಕೂತಿತು. ಬೇಸರದಿಂದ ಕೈ ಎತ್ತಿ ಅದನ್ನು ಕೊಡವಲು ಹೋದೆ. ಬಾದಾಮಿ ಮನೆಯಾಕೆ ನನ್ನ ಕೈ ಹಿಡಿದಳು.

"ತಡಿ," ಅಂದಳು. "ಇದು ನೆಲಕ್ಕೆ ಬೀಳಲಿಲ್ಲ."

ನನಗೆ ಅರ್ಥವಾಗಲಿಲ್ಲ. ಆಕೆ ನನ್ನ ತಲೆ ನೋಡಿದಳು, ಅಂಗಳ ನೋಡಿದಳು, ಅಂಗಳದ ಉದ್ದಗಲವನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಕೇಳಿದಳು, "ನಮ್ಮ ಬೀದಿಯಲ್ಲಿ ಎಷ್ಟು ಜನ ಇದೀವಿ?"

ಆವತ್ತು ನಾವಿಬ್ಬರೂ ಹತ್ತಿದ ಮೆಟ್ಟಿಲಿಗೆ ಲೆಕ್ಕವಿಲ್ಲ. ಮನೆ ಮನೆಗೆ ಹೋಗಿ ಹೇಳಿದೆವು, ಬಂದು ನಿಂತುಕೊಳ್ಳಿ, ಬೇರೇನೂ ಬೇಡ, ಒಬ್ಬರಿಗೊಬ್ಬರು ಅಂಟಿ ನಿಂತರೆ ಎಲೆ ನೆಲಕ್ಕೆ ಬೀಳುವುದಿಲ್ಲ. ನೇರಳೆ ಮನೆಯವನು ನಮ್ಮನ್ನು ಹುಚ್ಚರನ್ನು ನೋಡುವಂತೆ ನೋಡಿದ. "ನಮ್ಮ ಅಂಗಳ?" ಅಂದ. ಹಲಸಿನ ಮನೆಯಾಕೆಯೂ ಅದನ್ನೇ ಕೇಳಿದಳು. ಎಲ್ಲರೂ ಅದನ್ನೇ ಕೇಳಿದರು. ಅರ್ಧ ದಿನ ಬಿಟ್ಟರೆ ಅಂಗಳದಲ್ಲಿ ಮೊಣಕಾಲುದ್ದ ಎಲೆ ಬೀಳುತ್ತದೆ, ಅದನ್ನು ತೆಗೆಯಲು ಮೂರು ದಿನ ಬೇಕು, ಆ ಮೂರು ದಿನದಲ್ಲಿ ನಮ್ಮ ಮನೆಯಲ್ಲೇ ಏನಾದರೂ ಆಗಿಬಿಟ್ಟರೆ? ಕೇಳಿದ್ದು ತಪ್ಪಲ್ಲ. ನನಗೂ ಒಳಗೊಳಗೇ ನನ್ನ ನುಗ್ಗೆಯದೇ ಚಿಂತೆ.

ಬೇವಿನ ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೂ ಗುಡಿಸುತ್ತಿದ್ದರು. ಅಜ್ಜನಿಗೆ ಎಂಬತ್ತು ದಾಟಿತ್ತು, ಒಂದು ಕೈ ಪೊರಕೆಗೆ, ಒಂದು ಕೈ ಬೆನ್ನಿಗೆ. ಬಾದಾಮಿ ಮನೆಯಾಕೆ ವಿಷಯ ಹೇಳಿ, "ನನ್ನ ಹಾಗೆ ಇನ್ನೊಬ್ಬಳು ಈ ಬೀದಿಯಲ್ಲಿ ಬೇಡ ಅಜ್ಜಾ," ಅಂದಳು. ಅಜ್ಜ ಆಕೆಯ ಮುಖ ನೋಡಿ ಪೊರಕೆಯನ್ನು ಗೋಡೆಗೆ ಒರಗಿಸಿದ. "ನಡೀರಿ," ಅಂದ. ಅಜ್ಜಿ ಗೊಣಗಿಕೊಂಡೇ ಹಿಂದೆ ಬಂದಳು. ಅಷ್ಟು ವಯಸ್ಸಾದವರೇ ಹೊರಟದ್ದನ್ನು ನೋಡಿ ನೇರಳೆ ಮನೆಯವನು ಬಂದ. ಹಲಸಿನ ಮನೆಯವರು ಬಂದರು. ಕೊನೆಗೆ ಬೀದಿಗೆ ಬೀದಿಯೇ ಬಂತು.

ನಿಲ್ಲುವುದಕ್ಕೂ ಒಂದು ಕ್ರಮ ಬೇಕಾಯಿತು. ಹೊಂಗೆ ಮನೆಯಾಕೆ ಬುಡದಿಂದ ಗುಡಿಸುತ್ತಾ ಹೊರಗೆ ಬಂದಳು. ಆಕೆ ಗುಡಿಸಿದ ನೆಲವನ್ನು ಹಿಂದಿನಿಂದಲೇ ನಾವು ತುಂಬಿದೆವು. ಬುಡದ ಸುತ್ತ ಮೊದಲ ಸಾಲು, ಅದರ ಸುತ್ತ ಎರಡನೆಯದು, ಅದರ ಸುತ್ತ ಮೂರನೆಯದು. ಭುಜಕ್ಕೆ ಭುಜ, ಬೆನ್ನಿಗೆ ಎದೆ. ನಡುವೆ ಸಂದಿ ಉಳಿದ ಕಡೆ ಹೆಂಗಸರು ಸೆರಗು ಹಿಡಿದರು, ಗಂಡಸರು ಹೆಗಲ ಟವೆಲು ಬಿಚ್ಚಿ ಹಿಡಿದರು. ಆಕೆಗೆ ಕೂರಲು ತೆಂಕಣ ಮೂಲೆಯಲ್ಲಿ ಒಂದಿಷ್ಟು ಜಾಗ ಬಿಟ್ಟು, ಅದರ ಮೇಲೂ ಎರಡು ಸೀರೆ ಹಿಡಿದೆವು. ಎಲೆ ಬೀಳುತ್ತಲೇ ಇತ್ತು. ತಲೆಯ ಮೇಲೆ ಬಿತ್ತು, ಹೆಗಲ ಮೇಲೆ ಬಿತ್ತು, ಮಡಿಸಿದ ಮೊಣಕೈಯ ಸಂದಿಗೆ ಬಿತ್ತು. ಕೊಡವಬಾರದು ಅಂತ ಬಾದಾಮಿ ಮನೆಯಾಕೆ ಎಲ್ಲರಿಗೂ ಹೇಳಿದ್ದಳು. ಮೂಗಿನ ಮೇಲೆ ಕೂತ ಎಲೆಯನ್ನೂ ಹಾಗೇ ಸಹಿಸಿಕೊಂಡು ನಿಂತೆವು.

ಇಳಿಹೊತ್ತಿಗೆ ಅಂಗಳದವನು ಬಂದ. ಗೇಟಿನ ಬಳಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡಲು ಜಾಗವಿಲ್ಲದೆ ಅಲ್ಲೇ ನಿಂತ. ಆಮೇಲೆ ಕೋಲು ಬದಿಗಿಟ್ಟು, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನಮ್ಮ ಕಾಲುಗಳ ನಡುವೆ ನೋಡಿದ. ಬಹಳ ಹೊತ್ತು ನೋಡಿದ. ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಂಡ.

"ಕಾಲುಗಳಿವೆ," ಅಂದ. "ಎಲೆ ಇಲ್ಲ. ಅಂಗಳ ಬರಿದಾಗಿದೆ. ಇನ್ನು ಅಳಿ."

ಹೊಂಗೆ ಮನೆಯಾಕೆ ಕುಳಿತಳು. ಏನೂ ಬರಲಿಲ್ಲ. ಆಕೆ ಗಂಟಲು ಮುಟ್ಟಿಕೊಂಡಳು, ನೆಲ ಮುಟ್ಟಿದಳು. ಆತ ಬಿದ್ದ ಮೂಲೆ ಅದು. ಅಂಗೈಯಲ್ಲಿ ಆ ನೆಲವನ್ನು ಒಮ್ಮೆ ಸವರಿದಳು. ಆಗ ಮೊದಲು ಮಾತು ಬಂತು.

"ನೀರು ಕೇಳಿದ್ರು," ಅಂದಳು. "ಆವತ್ತು ಬೆಳಿಗ್ಗೆ. ಯಾಕೋ ಆಯಾಸ ಕಣೆ, ಒಂದು ಘಳಿಗೆ ಕೂತ್ಕೋತೀನಿ, ಒಂದು ಲೋಟ ನೀರು ಕೊಡು ಅಂದ್ರು. ನಾನು ಕೊಡಲಿಲ್ಲ. ಇದೊಂದು ಮೂಲೆ ಮುಗಿಸಿಬಿಡಿ, ಆಮೇಲೆ ಕೂರಬಹುದು ಅಂದೆ. ಅವರು ಏನೂ ಅನ್ನಲಿಲ್ಲ. ಮುಗಿಸಿದ್ರು. ಇದೇ ಮೂಲೆ. ಪೂರ್ತಿ ಮುಗಿಸಿದ್ರು."

ಅಷ್ಟು ಹೇಳಿದ್ದೇ ತಡ, ಆಕೆಯ ಹೊಟ್ಟೆಯೊಳಗಿಂದ ಅಳು ಎದ್ದು ಬಂತು. ಹತ್ತೊಂಬತ್ತು ದಿನದ ಅಳು. ಆಕೆ ನೆಲಕ್ಕೆ ಹಣೆ ಹಚ್ಚಿ ಅತ್ತಳು, ಎದೆ ಬಡಿದುಕೊಂಡು ಅತ್ತಳು, ಆತನನ್ನು ಹೆಸರು ಹಿಡಿದು ಕರೆದು ಅತ್ತಳು. ಆತನಿಗೆ ಒಂದು ಹೆಸರಿದ್ದದ್ದು ನಮಗೆ ಗೊತ್ತಾದದ್ದೇ ಆಗ.

ನಾವು ಅಳುವಂತಿರಲಿಲ್ಲ. ನಮ್ಮೆಲ್ಲರ ಅಂಗಳದಲ್ಲೂ ಎಲೆ ರಾಶಿ ಬಿದ್ದಿತ್ತು. ತುಟಿ ಕಚ್ಚಿ ನಿಂತೆವು. ಬೀದಿಗೆಲ್ಲ ಅಂಗಳ ಚೊಕ್ಕವಾಗಿದ್ದದ್ದು ಬಾದಾಮಿ ಮನೆಯಾಕೆಯದು ಮಾತ್ರ, ಅಂದು ಬೆಳಿಗ್ಗೆಯೂ ಗುಡಿಸಿ ಬಂದವಳು, ಅದೂ ಇಷ್ಟು ಹೊತ್ತಿಗೆ ಹಾಳಾಗಿರಬೇಕು. ಆಕೆ ಒಣಗಿದ ಕಣ್ಣಿನಿಂದ ನೋಡುತ್ತಾ ನನ್ನ ಪಕ್ಕದಲ್ಲಿ ಗಟ್ಟಿಯಾಗಿ ಸೀರೆ ಹಿಡಿದಿದ್ದಳು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾಕೆಂದರೆ ಆ ಮಾತನ್ನು, ಇದೊಂದು ಮೂಲೆ ಮುಗಿಸಿಬಿಡಿ ಅನ್ನುವ ಮಾತನ್ನು, ಅಂದು ಬೆಳಿಗ್ಗೆ ತಾನೇ ಮನೆಯಲ್ಲಿ ಆಡದೆ ಬಂದವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ನಾನೂ ಆಡಿದ್ದೆ. ನಮ್ಮ ಅತ್ತೆ, ಸುಸ್ತಾಗ್ತಿದೆ ಕಣಮ್ಮ ಅಂದಿದ್ದರು. ಅವರು ಈಗ ನನ್ನ ಹಿಂದಿನ ಸಾಲಿನಲ್ಲಿ, ನನ್ನ ಬೆನ್ನಿಗೆ ಅಂಟಿಕೊಂಡು ನಿಂತಿದ್ದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಎರಡನೆಯ ಸಾಲಿನಲ್ಲಿ ಬೇವಿನ ಮನೆಯ ಅಜ್ಜನ ಕಾಲು ನಡುಗುತ್ತಿತ್ತು. ಆಗಿನಿಂದಲೂ ನಡುಗುತ್ತಿತ್ತು, ನಾವೆಲ್ಲ ನೋಡಿಯೂ ನೋಡದಂತಿದ್ದೆವು. ಆತ ಕದಲಿದರೆ ಸಾಲು ಬಿಡುತ್ತದೆ, ಸಾಲು ಬಿಟ್ಟರೆ ಎಲೆ ನೆಲಕ್ಕೆ ಬೀಳುತ್ತದೆ, ಬಿದ್ದರೆ ಆಕೆಯ ಅಳು ನಿಲ್ಲಬೇಕಾಗುತ್ತದೆ. ಅಜ್ಜನಿಗೂ ಅದು ಗೊತ್ತಿತ್ತು. ಹಲ್ಲು ಕಚ್ಚಿ ನಿಂತಿದ್ದ.

ಅಜ್ಜಿ ಆತನ ಕಡೆ ತಿರುಗಿದಳು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು, "ನೀವು ಕೂತ್ಕೊಳ್ಳಿ."

"ಎಲೆ ಬೀಳುತ್ತೆ ಕಣೆ," ಅಂದ ಅಜ್ಜ.

"ಬೀಳಲಿ. ಕೂತ್ಕೊಳ್ಳಿ ಅಂದ್ನಲ್ಲ."

ಅಜ್ಜ ಕೂತ. ಸುತ್ತಲಿದ್ದವರು ಸರಿದು ಜಾಗ ಮಾಡಿದೆವು, ಹಾಗೆ ಸರಿದದ್ದಕ್ಕೆ ಹೆಗಲ ಮೇಲಿನ ಎಲೆ ಜಾರಿ ನೆಲಕ್ಕೆ ಬಿತ್ತು. ಒಂದು ಬಿತ್ತು, ಎರಡು ಬಿತ್ತು, ಆಮೇಲೆ ಒಂದು ಹಿಡಿಯಷ್ಟು ಬಿತ್ತು. ಎಲ್ಲರ ಕಣ್ಣೂ ಗೇಟಿನ ಕಡೆ ಹೋಯಿತು. ಅಂಗಳದವನು ನೋಡುತ್ತಿದ್ದ. ಎಲೆಯನ್ನೂ ನೋಡಿದ, ಅಜ್ಜನನ್ನೂ ನೋಡಿದ. ಬದಿಗಿಟ್ಟ ಕೋಲನ್ನು ಅವನು ಎತ್ತಿಕೊಳ್ಳಲಿಲ್ಲ.

ಹೊಂಗೆ ಮನೆಯಾಕೆ ತಲೆ ಎತ್ತಿದಳು. ಆಕೆಯೂ ಎಲೆ ನೋಡಿದಳು. ಆಕೆಯ ಅಳು ನಿಲ್ಲಲಿಲ್ಲ. ಅಳುತ್ತಲೇ ಎದ್ದಳು, ಅಳುತ್ತಲೇ ನಮ್ಮ ಸಾಲುಗಳನ್ನು ಬಿಡಿಸಿಕೊಂಡು ಮನೆಯೊಳಗೆ ಹೋದಳು. ಆಕೆ ಹೋದ ದಾರಿಯುದ್ದಕ್ಕೂ ನಮ್ಮ ಮೈಮೇಲಿನ ಎಲೆ ಉದುರಿತು. ಒಳಗೆ ಪಾತ್ರೆಯ ಸದ್ದಾಯಿತು. ಮುಖದ ತುಂಬ ನೀರು ಇಳಿಯುತ್ತಿದ್ದಂತೆಯೇ, ಕೈಯಲ್ಲಿ ಲೋಟ ಹಿಡಿದು, ಬಿದ್ದ ಎಲೆಗಳ ಮೇಲೆ ಕಾಲಿಟ್ಟು ನಡೆದು ಬಂದಳು. ಅಜ್ಜನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಲೋಟವನ್ನು ಆತನ ಕೈಗೆ ಕೊಟ್ಟಳು.

"ಕುಡೀರಿ ಅಜ್ಜಾ," ಅಂದಳು. "ನಿಧಾನಕ್ಕೆ ಕುಡೀರಿ."

ಅಜ್ಜ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಆತ ಪೂರ್ತಿ ಕುಡಿದು ಮುಗಿಸುವವರೆಗೂ ಆಕೆ ಅಲ್ಲೇ ಕೂತು ಅಳುತ್ತಿದ್ದಳು.